ಐವತ್ತು ಅಡಿಯಲ್ಲಿ ಮೂತಿ ಏಳಲಿಲ್ಲವೇಕೆ?

ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ನಡೆದಿರುತ್ತದೆ. ಬೋಯಿಂಗ್ 737 ರನ್‌ವೇಯ ನಡುಗೆರೆ ಹಿಡಿದು, ಅತ್ತಿತ್ತ ಸರಿಯದೆ ಇಳಿಯುತ್ತಿದೆ. ಕಾಕ್‌ಪಿಟ್ಟಿನ ಧ್ವನಿ ನೂರು, ಐವತ್ತು, ನಲವತ್ತು ಎಂದು ಎಣಿಸುತ್ತದೆ. ಈಗ ಮೂತಿ ತುಸು ಮೇಲೇಳಬೇಕು, ಎಂಜಿನ್ ಸದ್ದು ತಗ್ಗಬೇಕು. ಎರಡೂ ಆಗುವುದಿಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದ ವಿಮಾನ ಅದೇ ಇಳಿಜಾರಿನಲ್ಲಿ ರನ್‌ವೇಗೆ ಬಡಿದು, ಪುಟಿದು, ಮತ್ತೆ ಬಡಿಯುತ್ತದೆ. ಕುರ್ಚಿಯಲ್ಲಿ ಕೂತವರು ಆಟೊಪೈಲಟ್ಟಿಗೆ ಹಿಡಿಶಾಪ ಹಾಕುತ್ತಾರೆ.

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸುವವರಲ್ಲಿ ಈ ಅನುಭವ ಇಲ್ಲದವರು ಕಡಿಮೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇರಲಿ, ಎಕ್ಸ್-ಪ್ಲೇನ್ ಇರಲಿ, ಕಾಸಿಲ್ಲದೆ ಸಿಗುವ ಫ್ಲೈಟ್‌ಗಿಯರ್ ಇರಲಿ, ಆಟೊಲ್ಯಾಂಡ್ ಎಂಬ ಸ್ವಯಂಚಾಲಿತ ಇಳಿಕೆ ಎಲ್ಲ ಕಡೆಯೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸವೆಂದರೆ ಕೊನೆಯ ಐವತ್ತು ಅಡಿಯನ್ನು ಮತ್ತೆ ಮತ್ತೆ ರೀಪ್ಲೇ ಮಾಡಿ ನೋಡುವುದು. ಅಲ್ಲಿ ಸಿಗುವುದೇನೂ ಇಲ್ಲ. ಹೆಚ್ಚಿನ ಸಲ ಆಟೊಲ್ಯಾಂಡ್ ಕೆಡುವುದು ನೆಲದ ಹತ್ತಿರವಲ್ಲ, ನೆಲಕ್ಕೆ ಹತ್ತು ಮೈಲಿ ಇರುವಾಗ. ಹೆಚ್ಚೆಂದರೆ ಸಾವಿರದ ಐನೂರು ಅಡಿಯಲ್ಲಿ. ಕೆಟ್ಟ ಕೂಡಲೇ ಅದು ಪೈಲಟ್ಟಿಗೆ ಹೇಳಿಯೂ ಇರುತ್ತದೆ. ನಾವು ಕಿಟಕಿಯಾಚೆ ರನ್‌ವೇ ದೀಪ ನೋಡುತ್ತಾ ಅದನ್ನು ಓದಿರುವುದಿಲ್ಲ.

ಯಂತ್ರ ತಾನೇ ಇಳಿಸಬೇಕೆಂಬ ಹಟ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಅಲ್ಲಿನ ಮಂಜಿನ ದೆಸೆಯಿಂದ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೇ ಆ ದೇಶ ಕಣ್ಣು ಕಾಣದ ಸ್ಥಿತಿಯಲ್ಲಿ ವಿಮಾನ ಇಳಿಸುವುದನ್ನು ಅಭ್ಯಾಸ ಮಾಡಲೆಂದೇ ಒಂದು ಪ್ರಯೋಗ ಘಟಕ ಕಟ್ಟಿತ್ತು. ಅದರ ಫಲ ಪ್ರಯಾಣಿಕರಿಗೆ ದಕ್ಕಿದ್ದು 1965ರ ಜೂನ್ 10ರಂದು. ಪ್ಯಾರಿಸ್‌ನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನದಲ್ಲಿ ನೆಲ ಮುಟ್ಟುವ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತುವ ಕೆಲಸವನ್ನು ಯಂತ್ರವೇ ಮಾಡಿತು, ಟಿಕೆಟ್ ಕೊಂಡ ಪ್ರಯಾಣಿಕರು ಒಳಗೆ ಕೂತಿದ್ದಾಗಲೇ. ನಮ್ಮಲ್ಲಿ ಈ ವಿದ್ಯೆಯ ಹಂಗು ಎಲ್ಲರಿಗಿಂತ ಹೆಚ್ಚು ಇರುವುದು ದೆಹಲಿಗೆ. ಡಿಸೆಂಬರ್–ಜನವರಿಯ ಬೆಳಗಿನ ಜಾವ ಅಲ್ಲಿ ರನ್‌ವೇಯ ಒಂದು ದೀಪದಿಂದ ಇನ್ನೊಂದು ದೀಪ ಕಾಣುವುದೇ ಕಷ್ಟ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಗೂ, ದಟ್ಟ ಮಂಜಿನಲ್ಲೂ ಇಳಿಯಲು ಬಿಡುವ ಕ್ಯಾಟ್ 3ಬಿ ದರ್ಜೆಯ ವ್ಯವಸ್ಥೆ ಬಂದಿದೆ. ದೇವನಹಳ್ಳಿಯ ಚಳಿಗಾಲದ ಮಂಜು ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ವಿಮಾನಗಳೆಲ್ಲ ಈಗ ತಾವೇ ಇಳಿಯುತ್ತವೆ, ಪೈಲಟ್ ಕಾಫಿ ಕುಡಿಯುತ್ತಿರುತ್ತಾನೆ ಎಂಬ ಮಾತು ಮದುವೆ ಮನೆಗಳಲ್ಲಿ ಬಹಳ ಕೇಳಿಬರುತ್ತದೆ. ನಿಜದಲ್ಲಿ ಬಹುಪಾಲು ಇಳಿಕೆಗಳು ಇವತ್ತಿಗೂ ಪೈಲಟ್ಟಿನ ಕೈಯಿಂದಲೇ ಆಗುತ್ತವೆ. ಆಟೊಲ್ಯಾಂಡ್ ಮಾಡುವ ದಿನ ಕಾಕ್‌ಪಿಟ್ಟಿನಲ್ಲಿ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ. ವಿಮಾನಕ್ಕೆ ಅರ್ಹತೆ ಬೇಕು, ರನ್‌ವೇಗೆ ಅರ್ಹತೆ ಬೇಕು, ಪೈಲಟ್ಟಿಗೂ ಪ್ರತ್ಯೇಕ ತರಬೇತಿ ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ವಿಮಾನ ಬೇರೆ ಊರಿಗೆ ಹೋಗುತ್ತದೆ. ಸಿಮ್ಯುಲೇಟರಿನಲ್ಲಿ ಈ ಮೂರನ್ನೂ ಕೇಳುವವರಿಲ್ಲ. ಗುಂಡಿ ಒತ್ತಿದರೆ ಒಂದಿಷ್ಟು ದೂರ ಎಲ್ಲವೂ ನಡೆದುಕೊಂಡು ಹೋಗುತ್ತದೆ.

ಮೊದಲು ನೋಡಬೇಕಾದದ್ದು ನೀವು ಹಾರಿಸುತ್ತಿರುವ ವಿಮಾನಕ್ಕೆ ಈ ವಿದ್ಯೆ ಗೊತ್ತಿದೆಯೇ ಎಂಬುದನ್ನು. ಆಟದ ಜೊತೆಗೇ ಬರುವ ಹಲವು ವಿಮಾನಗಳ ಆಟೊಪೈಲಟ್ ರೇಡಿಯೊ ಕಿರಣ ಹಿಡಿದು ಇಳಿಯುವುದನ್ನಷ್ಟೇ ಬಲ್ಲದು. ಕೊನೆಯಲ್ಲಿ ಮೂತಿ ಎತ್ತುವ ಭಾಗವನ್ನು ಅದಕ್ಕೆ ಬರೆದೇ ಇರುವುದಿಲ್ಲ. ಅಂಥ ವಿಮಾನದಲ್ಲಿ ಏನು ತಿಪ್ಪರಲಾಗ ಹಾಕಿದರೂ ಆಟೊಲ್ಯಾಂಡ್ ಆಗುವುದಿಲ್ಲ. ಸೆಸ್ನಾದಂಥ ಪುಟ್ಟ ವಿಮಾನಗಳ ಮಾತಂತೂ ಬಿಡಿ. ಪಿಎಂಡಿಜಿಯವರ 737, ಎಕ್ಸ್-ಪ್ಲೇನ್‌ಗೆ ಉಚಿತವಾಗಿ ಸಿಗುವ ಝೀಬೊ 737, ಫ್ಲೈಬೈವೈರ್ ಗುಂಪಿನ ಉಚಿತ ಎ320, ಇವುಗಳಲ್ಲಿ ನಿಜ ವಿಮಾನದ ತರ್ಕವನ್ನು ಹೆಚ್ಚು ಕಡಿಮೆ ಹಾಗೆಯೇ ಇಳಿಸಿದ್ದಾರೆ. ಹಾಗೆ ಇಳಿಸಿರುವುದರಿಂದಲೇ ನಿಜ ವಿಮಾನದ ಷರತ್ತುಗಳೂ ಜೊತೆಗೆ ಬಂದಿವೆ. ತಾಪತ್ರಯ ಶುರುವಾಗುವುದು ಅಲ್ಲಿಂದ.

ವಿಮಾನ ಹಿಡಿಯುವ ಕಿರಣದ ಬಗ್ಗೆ ಎರಡು ಮಾತು. ಐಎಲ್‌ಎಸ್ ಎಂಬ ವ್ಯವಸ್ಥೆಯಲ್ಲಿ ಎರಡು ಪ್ರಸಾರ ಕೇಂದ್ರಗಳಿವೆ. ಲೋಕಲೈಸರ್ ಎಂಬುದು ರನ್‌ವೇಯ ಆ ತುದಿಯಾಚೆ ನಿಂತು ಎಡ-ಬಲ ಹೇಳುತ್ತದೆ. ಗ್ಲೈಡ್‌ಸ್ಲೋಪ್ ಎಂಬುದು ಈ ತುದಿಯಿಂದ ಸುಮಾರು 300 ಮೀಟರ್ ಒಳಗೆ, ರನ್‌ವೇಯ ಪಕ್ಕದಲ್ಲಿ ನಿಂತು ಮೇಲೆ-ಕೆಳಗೆ ಹೇಳುತ್ತದೆ. ಎರಡೂ ತಮ್ಮ ಅಲೆಯ ಮೇಲೆ 90 ಹರ್ಟ್ಸ್ ಮತ್ತು 150 ಹರ್ಟ್ಸ್‌ನ ಎರಡು ಸ್ವರ ಹೊರಿಸಿ ಕಳಿಸುತ್ತವೆ. ಇಳಿಯಲು ಬರುವ ವಿಮಾನ ನಡುಗೆರೆಯ ಎಡಕ್ಕಿದ್ದರೆ 90ರ ಸ್ವರ ಜೋರು, ಬಲಕ್ಕಿದ್ದರೆ 150ರದು. ಇಳಿಜಾರಿನ ಮೇಲಿದ್ದರೆ 90, ಕೆಳಗಿದ್ದರೆ 150. ಎರಡೂ ಸಮ ಆದ ಕಡೆ ದಾರಿ. ಸುಮಾರು ಎಂಬತ್ತು ವರ್ಷದ ಹಿಂದಿನ ಈ ಉಪಾಯವನ್ನು ಉಪಗ್ರಹಗಳ ಕಾಲದಲ್ಲೂ ಪೂರ್ತಿ ಕೈಬಿಡಲು ಯಾರಿಗೂ ಆಗಿಲ್ಲ.

ಆದರೆ ಈ ಕಿರಣ ನೆಲದವರೆಗೂ ನಂಬುವಂಥದ್ದಲ್ಲ. ಗ್ಲೈಡ್‌ಸ್ಲೋಪ್‌ನ ಕಂಬವನ್ನು ದಾಟಿ ಹೋಗುವ ಹೊತ್ತಿಗೆ ಅದರ ಮಾತಿಗೆ ಅರ್ಥವಿರುವುದಿಲ್ಲ. ಅದಕ್ಕೇ ಕೊನೆಯ ಅಡಿಗಳನ್ನು ಅಳೆಯುವುದು ವಿಮಾನದ ಹೊಟ್ಟೆಯಡಿ ಇರುವ ರೇಡಿಯೊ ಆಲ್ಟಿಮೀಟರ್. ಅದು ನೆಲಕ್ಕೆ ಅಲೆ ಕಳಿಸಿ, ಪುಟಿದು ಬಂದದ್ದನ್ನು ಹಿಡಿದು, ನೆಲ ಎಷ್ಟು ಅಡಿ ಕೆಳಗಿದೆ ಎಂದು ಹೇಳುತ್ತದೆ. ಬೆಂಗಳೂರಿನಲ್ಲಿ ಇಳಿಯುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಚಕ್ರ ನೆಲ ಮುಟ್ಟಿದಾಗಲೂ ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಮೂಲಿ ಆಲ್ಟಿಮೀಟರ್ 3000 ತೋರಿಸುತ್ತಿರುತ್ತದೆ. ರೇಡಿಯೊ ಆಲ್ಟಿಮೀಟರ್ ಸೊನ್ನೆ ತೋರಿಸುತ್ತದೆ. ಆಟೊಲ್ಯಾಂಡ್ ಕೇಳುವುದು ಎರಡನೆಯದರ ಮಾತನ್ನು ಮಾತ್ರ. ಇನ್ನು ಮುಂದೆ ನಾನು ಅಡಿಗಳ ಲೆಕ್ಕ ಹೇಳಿದಾಗ, ಬೇರೆ ಹೇಳದಿದ್ದರೆ, ಅದು ಈ ರೇಡಿಯೊ ಎತ್ತರ.

737-800ರಲ್ಲಿ ನಿಜಕ್ಕೂ ಏನಾಗಬೇಕು ಎಂಬುದನ್ನು ನಿಧಾನವಾಗಿ ನೋಡೋಣ. ಅದು ಗೊತ್ತಾದರೆ ಎಲ್ಲಿ ತಪ್ಪಿತು ಎಂಬುದು ಅರ್ಧ ಗೊತ್ತಾದ ಹಾಗೆ. ಪೈಲಟ್ಟಿನ ಮುಂದಿನ ಪರದೆಯ ನೆತ್ತಿಯಲ್ಲಿ ಒಂದು ಪಟ್ಟಿ ಇದೆ, ಎಫ್‌ಎಂಎ ಎನ್ನುತ್ತಾರೆ. ಅದರಲ್ಲಿ ಹಸಿರು ಅಕ್ಷರದಲ್ಲಿ ಆಟೊಪೈಲಟ್ ಈಗ ಏನು ಮಾಡುತ್ತಿದೆ ಎಂಬುದೂ, ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಮುಂದೆ ಏನು ಮಾಡಲು ಕಾದಿದೆ ಎಂಬುದೂ ಇರುತ್ತದೆ. 737ರಲ್ಲಿ ಆಟೊಪೈಲಟ್ ಎರಡು, ಎ ಮತ್ತು ಬಿ. ಮಾಮೂಲಿ ಹಾರಾಟಕ್ಕೆ ಒಂದು ಸಾಕು. ತಾನೇ ಇಳಿಯಬೇಕಾದರೆ ಎರಡೂ ಬೇಕು, ಒಂದು ಇನ್ನೊಂದರ ಮೇಲೆ ಕಣ್ಣಿಟ್ಟಿರಲು. ಎರಡೂ ತಮ್ಮದೇ ಬೇರೆ ಬೇರೆ ರೇಡಿಯೊ ಕೇಳುತ್ತವೆ. ಹಾಗಾಗಿ ಐಎಲ್‌ಎಸ್‌ನ ಫ್ರೀಕ್ವೆನ್ಸಿಯನ್ನು ಎಡ ಮತ್ತು ಬಲ ಎರಡೂ ನ್ಯಾವ್ ರೇಡಿಯೊಗಳಲ್ಲಿ ಹಾಕಬೇಕು, ಕೋರ್ಸನ್ನೂ ಎರಡೂ ಕಡೆ ತಿರುಗಿಸಿ ಇಡಬೇಕು. ಮನೆಯಲ್ಲಿ ಒಬ್ಬರೇ ಕೂತು ಹಾರಿಸುವವರು ಎಡಗಡೆಯದನ್ನು ಮಾತ್ರ ಹಾಕಿ ಬಲಗಡೆಯದನ್ನು ಮರೆಯುತ್ತಾರೆ. ಅಲ್ಲಿ ಕೂರಬೇಕಾದ ಫಸ್ಟ್ ಆಫೀಸರ್ ನಮ್ಮ ಮನೆಯಲ್ಲಿ ಇಲ್ಲವಲ್ಲ! 737ರ ಆಟೊಲ್ಯಾಂಡ್ ಕೆಡಲು ಇದಕ್ಕಿಂತ ಮಾಮೂಲಿ ಕಾರಣ ಇನ್ನೊಂದಿಲ್ಲ.

ಎರಡನೆಯದು ಗುಂಡಿಗಳ ಸರದಿ. ಮೊದಲು ಎಪಿಪಿ ಎಂಬ ಅಪ್ರೋಚ್ ಗುಂಡಿ ಒತ್ತಬೇಕು. ಎಫ್‌ಎಂಎಯಲ್ಲಿ ಲೋಕಲೈಸರ್, ಗ್ಲೈಡ್‌ಸ್ಲೋಪ್ ಎರಡೂ ಬಿಳಿಯಾಗಿ ಬಂದು ಕೂರುತ್ತವೆ. ಆಮೇಲೆ ಎರಡನೇ ಆಟೊಪೈಲಟ್ಟಿನ ಸಿಎಂಡಿ ಗುಂಡಿ. ಸರದಿ ತಪ್ಪಿಸಿ ಮೊದಲೇ ಸಿಎಂಡಿ ಬಿ ಒತ್ತಿದರೆ ವಿಮಾನ ಎಯನ್ನು ಬಿಟ್ಟು ಬಿಗೆ ಹಾರಿಕೊಳ್ಳುತ್ತದೆ, ಎರಡೂ ಒಟ್ಟಿಗೆ ಕೂರುವುದಿಲ್ಲ. ಸರಿಯಾಗಿ ಒತ್ತಿದಾಗಲೂ ಕಿರಣ ಹಿಡಿದ ಮೇಲೆ ‘ಸಿಂಗಲ್ ಚಾನೆಲ್’ ಎಂಬ ಹಳದಿ ಬರಹ ಕಾಣುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. 1500 ಅಡಿ ದಾಟುವಾಗ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪಾಸಾದರೆ ಹಳದಿ ಬರಹ ಹೋಗಿ ಸಿಎಂಡಿ ಉಳಿಯುತ್ತದೆ, ಕೆಳಗೆ ಬಿಳಿಯಲ್ಲಿ ‘ಫ್ಲೇರ್’ ಎಂಬ ಪದ ಮೂಡುತ್ತದೆ. ಇಡೀ ಆಟೊಲ್ಯಾಂಡಿನ ಜಾತಕ ಈ ಒಂದು ಪದದಲ್ಲಿದೆ. ಅದು ಬಂದಿದ್ದರೆ ಐವತ್ತು ಅಡಿಯಲ್ಲಿ ಮೂತಿ ಏಳುತ್ತದೆ, ಬಂದಿಲ್ಲದಿದ್ದರೆ ಏಳುವುದಿಲ್ಲ. 350 ಅಡಿಯ ಹೊತ್ತಿಗೂ ಫ್ಲೇರ್ ಸಿದ್ಧವಾಗದೆ ಇದ್ದರೆ ಎರಡು ಆಟೊಪೈಲಟ್ಟುಗಳೂ ಕೈಬಿಟ್ಟು ಎಚ್ಚರಿಕೆಯ ಗಂಟೆ ಮೊಳಗುತ್ತದೆ. ಎರಡನೇ ಆಟೊಪೈಲಟ್ಟನ್ನು ಕಡೇಪಕ್ಷ 800 ಅಡಿಗೆ ಮುಂಚೆ ಜೋಡಿಸಿರಬೇಕು. ಆಮೇಲೆ ಎಷ್ಟು ಒತ್ತಿದರೂ ವ್ಯರ್ಥ.

ಸುಮಾರು 400 ಅಡಿಯಲ್ಲಿ ಇನ್ನೊಂದು ಸೂಕ್ಷ್ಮ ನಡೆಯುತ್ತದೆ. ಟ್ರಿಮ್ ಚಕ್ರ ತಾನಾಗಿಯೇ ಗರಗರನೆ ತಿರುಗಿ ಮೂತಿಯನ್ನು ಮೇಲಕ್ಕೆ ವಾಲಿಸಿ ಇಡುತ್ತದೆ. ನೆಲದ ಹತ್ತಿರ ಆಟೊಪೈಲಟ್ ಅಕಸ್ಮಾತ್ ಕೈಬಿಟ್ಟರೂ ವಿಮಾನ ಕೆಳಗೆ ಕುಸಿಯದೆ ಮೇಲೇಳುವ ಕಡೆಗೆ ವಾಲಲಿ ಎಂದು. ಸಿಮ್ಯುಲೇಟರಿನಲ್ಲಿ 200 ಅಡಿಯಲ್ಲಿ ಆಟೊಪೈಲಟ್ ಕಿತ್ತು ಕೈಯಿಂದ ಇಳಿಸಲು ಹೋದವರಿಗೆ ವಿಮಾನ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯಿತು ಎನಿಸುವುದು ಇದಕ್ಕೇ. ಅದು ಪ್ರೋಗ್ರಾಮಿನ ದೋಷವಲ್ಲ, ಬೋಯಿಂಗ್ ಬೇಕೆಂದೇ ಇಟ್ಟದ್ದು. 50 ಅಡಿಯಲ್ಲಿ ಫ್ಲೇರ್ ಹಸಿರಾಗುತ್ತದೆ, 27 ಅಡಿಯ ಸುಮಾರಿಗೆ, ಎಂಜಿನ್ನಿನ ಶಕ್ತಿಯನ್ನು ತಾನೇ ನೋಡಿಕೊಳ್ಳುವ ಆಟೊಥ್ರಾಟಲ್ ಎಂಜಿನ್ ಇಳಿಸುತ್ತದೆ. ಎಫ್‌ಎಂಎಯಲ್ಲಿ ‘ರಿಟಾರ್ಡ್’ ಎಂದು ಬರುತ್ತದೆ.

ಹೀಗೆ ಯಂತ್ರ ಹೆಜ್ಜೆಹೆಜ್ಜೆಗೂ ಬರೆದು ತೋರಿಸುತ್ತಿರುವಾಗ ದೋಷ ಹುಡುಕುವ ಕೆಲಸ ಸುಲಭವಾಗಬೇಕಲ್ಲವೇ? ಆಗುತ್ತದೆ, ಆ ಪಟ್ಟಿಯನ್ನು ನೋಡಿದರೆ. ಹಾರಾಟವನ್ನು ಸೆರೆಹಿಡಿದಿದ್ದರೆ 1500 ಅಡಿಯ ಕ್ಷಣಕ್ಕೆ ಹಿಂದೆ ಹೋಗಿ ಅಲ್ಲಿ ಏನು ಬರೆದಿತ್ತು ನೋಡಿ. ಫ್ಲೇರ್ ಬಂದೇ ಇಲ್ಲವೆಂದರೆ ರೇಡಿಯೊ ಮತ್ತು ಗುಂಡಿಗಳ ಕಡೆ ಹುಡುಕಬೇಕು. ಬಂದು ಆಮೇಲೆ ಮಾಯವಾಗಿದೆ ಎಂದರೆ ಜಾಯ್‌ಸ್ಟಿಕ್ ಕಡೆ. ಬಂದಿತ್ತು, ಹಸಿರೂ ಆಯಿತು, ಆದರೂ ಅಪ್ಪಳಿಸಿತು ಎಂದರೆ ವೇಗ, ತೂಕ, ಗಾಳಿ, ನೆಲದ ಆಕಾರ ಇವುಗಳಲ್ಲೊಂದು.

ಇವೆಲ್ಲಕ್ಕೂ ಮುಂಚಿನ ಒಂದು ತಪ್ಪು ಇದೆ. ಮೇಲಿನಿಂದ ಬಂದು ಕಿರಣ ಹಿಡಿಯಲು ಹೋಗುವುದು. ಮೂರು ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ 318 ಅಡಿ ಇಳಿಯಬೇಕು. ಹತ್ತು ಮೈಲಿ ದೂರದಲ್ಲಿ ನೆಲದಿಂದ ಸುಮಾರು 3200 ಅಡಿ ಎತ್ತರದಲ್ಲಿದ್ದರೆ ಸರಿ, ಬೆಂಗಳೂರಿನಲ್ಲಾದರೆ ಮಾಮೂಲಿ ಆಲ್ಟಿಮೀಟರ್ ಆಗ 6200 ತೋರಿಸಬೇಕು. ಊರಿನ ಎತ್ತರ ಸೇರಿಸುವುದನ್ನು ಮರೆತು ಲೆಕ್ಕ ಹಾಕಿದವರು ನಂದಿ ಬೆಟ್ಟದ ಕಡೆಯ ಹೊಲಗಳ ಮೇಲೆ ಚಕ್ರ ಉಜ್ಜಿಕೊಂಡು ಹೋಗಬೇಕಾಗುತ್ತದೆ. ವಾಡಿಕೆಯಂತೆ ಕಿರಣವನ್ನು ಕೆಳಗಿನಿಂದ ಹಿಡಿಯಬೇಕು. ಎತ್ತರ ಕಾಯ್ದುಕೊಂಡು ನೇರ ಹಾರುತ್ತಿದ್ದರೆ ಗ್ಲೈಡ್‌ಸ್ಲೋಪ್ ಸೂಚಿ ಮೇಲಿನಿಂದ ನಿಧಾನವಾಗಿ ಇಳಿದು ಬರುತ್ತದೆ, ನಡುವಿಗೆ ಬಂದಾಗ ವಿಮಾನ ತಾನೇ ಮೂತಿ ತಗ್ಗಿಸುತ್ತದೆ. ಮೇಲಿದ್ದು ಧುಮುಕಿ ಹಿಡಿಯಲು ಹೋದರೆ ವೇಗ ಏರುತ್ತದೆ. ವೇಗ ತಗ್ಗದೆ ಫ್ಲಾಪ್ ಇಳಿಸುವಂತಿಲ್ಲ. ಫ್ಲಾಪ್ 30 ಅಥವಾ 40ಕ್ಕೆ ಬರದೆ 737ರ ಆಟೊಲ್ಯಾಂಡ್‌ಗೆ ಅನುಮತಿಯಿಲ್ಲ. ಒಂದು ತಪ್ಪಿದರೆ ಮುಂದಿನದೆಲ್ಲ ಸಾಲಾಗಿ ತಪ್ಪುತ್ತಾ ಹೋಗುತ್ತದೆ. ನಿಜವಾದ ಐಎಲ್‌ಎಸ್‌ನಲ್ಲಂತೂ ಮೂರು ಡಿಗ್ರಿಯ ಅಸಲಿ ಕಿರಣದ ಮೇಲೆ ಇನ್ನಷ್ಟು ಕಡಿದಾದ ಸುಳ್ಳು ಕಿರಣಗಳೂ ಇರುತ್ತವೆ. ಮೇಲಿನಿಂದ ಬಂದವರಿಗೆ ಅವು ಸಿಕ್ಕರೆ ಆಟೊಪೈಲಟ್ ದಿಕ್ಕೆಡುತ್ತದೆ.

ಬೆಂಗಳೂರಿನ ಎತ್ತರ ಇನ್ನೊಂದು ಕಡೆಯಿಂದಲೂ ಆಟವಾಡಿಸುತ್ತದೆ. ಮೇಲಿನ ಗಾಳಿ ತೆಳು. ವೇಗಸೂಚಿ 140 ನಾಟ್ ತೋರಿಸುವಾಗ ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ವಿಮಾನ ನಿಜಕ್ಕೂ ಸುಮಾರು 150 ನಾಟ್‌ನಲ್ಲಿ ಹೋಗುತ್ತಿರುತ್ತದೆ. ಅದೇ ಇಳಿಜಾರಿನಲ್ಲಿ ವೇಗ ಹೆಚ್ಚಾದರೆ ನಿಮಿಷಕ್ಕೆ ಇಳಿಯುವ ಅಡಿಯೂ ಹೆಚ್ಚುತ್ತದೆ. ಕೊಚ್ಚಿಯಲ್ಲಿ ಮೆತ್ತಗೆ ಇಳಿದ ವಿಮಾನ ಇಲ್ಲಿ ತುಸು ಗಟ್ಟಿಯಾಗಿ ಕೂತರೆ ಅದನ್ನು ದೋಷ ಅನ್ನಬೇಡಿ. ಇಳಿಕೆಯ ವೇಗದ ಅಂಕಿ ಹಾಕಿ ಬೀಗುವವರ ಗೀಳು ನನಗಂತೂ ಅರ್ಥವಾಗಿಲ್ಲ. ಒದ್ದೆ ರನ್‌ವೇಯಲ್ಲಿ ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಕೂತ ವಿಮಾನವೇ ಒಳ್ಳೆಯ ವಿಮಾನ. ಬೆಣ್ಣೆಯಂತೆ ಇಳಿಸಲು ಹೋಗಿ ಅರ್ಧ ರನ್‌ವೇ ತಿಂದುಹಾಕಿದ್ದು ಒಳ್ಳೆಯ ಇಳಿಕೆಯಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದಾನೆ. ಒಂದು ಭಾನುವಾರ ಬಂದವನೇ, “ಅಂಕಲ್, ಎಲ್ಲಾ ಕರೆಕ್ಟಾಗೇ ಮಾಡ್ತೀನಿ. ಫ್ಲೇರ್ ಬರತ್ತೆ. ಮುನ್ನೂರಡಿ ಹತ್ರ ಆಟೊಪೈಲಟ್ ತಾನಾಗೇ ಬಿಟ್ಕೊಳ್ಳತ್ತೆ. ಸಾಫ್ಟ್‌ವೇರ್‌ದೇ ಪ್ರಾಬ್ಲಮ್ಮು” ಅಂದ. ಅವನ ಜಾಯ್‌ಸ್ಟಿಕ್ ಮೇಜಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಸೆಟ್ಟಿಂಗ್ಸ್ ತೆಗೆಸಿ ಅಕ್ಷಗಳ ಪುಟ ನೋಡಿದರೆ ಕೈಯೇ ಇಡದ ಕಡ್ಡಿಯ ಗುರುತು ಪುಟಪುಟನೆ ಅದುರುತ್ತಿತ್ತು. “ನೋಡೋ ಇಲ್ಲಿ, ನೀನು ಸುಮ್ನಿದ್ರೂ ಇದು ಸುಮ್ನಿಲ್ಲ” ಎಂದೆ. ಅಗ್ಗದ ಜಾಯ್‌ಸ್ಟಿಕ್ಕುಗಳ ಒಳಗಿರುವುದು ಹಳೇ ರೇಡಿಯೊದ ವಾಲ್ಯೂಮ್ ತಿರುಗಣೆಯಂಥದೇ ಪೊಟೆನ್ಷಿಯೊಮೀಟರ್. ಧೂಳು ಕೂತರೆ, ಪಟ್ಟಿ ಸವೆದರೆ ಅದು ಸುಳ್ಳು ಚಲನೆ ಹೇಳುತ್ತದೆ. ಕಂಟ್ರೋಲ್ ಎಳೆದರೆ ಆಟೊಪೈಲಟ್ ಬಿಟ್ಟುಕೊಡುವ ವ್ಯವಸ್ಥೆ ಇರುವ ಆಡ್-ಆನ್ ವಿಮಾನಗಳಲ್ಲಿ ಪೈಲಟ್ ಮಧ್ಯೆ ಕೈ ಹಾಕಿದ ಎಂದು ಯಂತ್ರ ತಿಳಿಯುತ್ತದೆ. ಅಕ್ಷದ ನಡುವೆ ಒಂದಿಷ್ಟು ಡೆಡ್ ಝೋನ್ ಕೊಟ್ಟು, ಮತ್ತೆ ಕ್ಯಾಲಿಬ್ರೇಟ್ ಮಾಡಿದ ಮೇಲೆ ಅವನ ವಿಮಾನ ಇಳಿಯಿತು. ಆಮೇಲೆ ಅವನು ಒಂದು ವಾರ ಜಾಯ್‌ಸ್ಟಿಕ್ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸುತ್ತಾ ಕೂತಿದ್ದನೆಂದು ಅವರಮ್ಮ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದರು. ಪರೀಕ್ಷೆ ಹತ್ತಿರವಿತ್ತಂತೆ.

ಥ್ರಾಟಲ್ಲಿನದೂ ಇದೇ ಕಥೆ, ಕೊಂಚ ಬೇರೆ ರೂಪದಲ್ಲಿ. ನಿಜವಾದ 737ರಲ್ಲಿ ಆಟೊಥ್ರಾಟಲ್ ಲಿವರುಗಳನ್ನೇ ಸರಿಸುತ್ತದೆ. ಮನೆಯ ಥ್ರಾಟಲ್ಲಿಗೆ ಮೋಟಾರಿಲ್ಲ. ಅದನ್ನು ನೀವು ಎಲ್ಲಿ ಬಿಟ್ಟಿರುತ್ತೀರೋ ಅಲ್ಲೇ ಇರುತ್ತದೆ, ಅದುರಿದರೆ ಆ ಅಂಕಿಯನ್ನೇ ವಿಮಾನಕ್ಕೆ ಕೊಡುತ್ತದೆ. ಕೊನೆಯ ಗಳಿಗೆಯಲ್ಲಿ ಎಂಜಿನ್ ಇಳಿಯಬೇಕಾದಾಗ ಏರಿದರೆ ಮೊದಲ ಅನುಮಾನ ಇದರ ಮೇಲಿರಲಿ. ಏರ್‌ಬಸ್‌ನಲ್ಲಿ ಲಿವರುಗಳು ಸರಿಯುವುದಿಲ್ಲ. ಹಾರಿದ ಮೇಲೆ ‘ಕ್ಲೈಂಬ್’ ಗುರುತಿನ ಕಚ್ಚಿನಲ್ಲಿ ಕೂರಿಸಿದ್ದನ್ನು ಇಳಿಯುವವರೆಗೂ ಮುಟ್ಟುವುದಿಲ್ಲ. ಕಚ್ಚುಗಳನ್ನು ಸಿಮ್ಯುಲೇಟರಿಗೆ ಸರಿಯಾಗಿ ಪರಿಚಯಿಸದಿದ್ದರೆ ನಿಮ್ಮ ಕೈಗೆ ಕ್ಲೈಂಬ್ ಎನಿಸಿದ್ದು ಪ್ರೋಗ್ರಾಮಿಗೆ ಬೇರೇನೋ ಆಗಿರುತ್ತದೆ. ನೆಲದ ಹತ್ತಿರ ಧ್ವನಿ ‘ರಿಟಾರ್ಡ್’ ಎಂದು ಕೂಗಿದಾಗ ಲಿವರುಗಳನ್ನು ಐಡಲ್‌ಗೆ ಎಳೆಯಲೇಬೇಕು, ಎಳೆಯದಿದ್ದರೆ ರೆಕ್ಕೆಯ ಮೇಲಿನ ಸ್ಪಾಯ್ಲರುಗಳು ತೆರೆದುಕೊಳ್ಳದೆ ವಿಮಾನ ತೇಲುತ್ತಲೇ ಓಡುತ್ತದೆ. ಎ320ರಲ್ಲಿ ಉಳಿದದ್ದು ಹೆಚ್ಚು ಸಲೀಸು. ಅಪ್ರೋಚ್ ಗುಂಡಿ ಒತ್ತಿದ ಮೇಲೆ ಎರಡನೇ ಆಟೊಪೈಲಟ್ಟಿನ ಗುಂಡಿ ಒತ್ತಿದರೆ ಎಫ್‌ಎಂಎಯಲ್ಲಿ ‘ಕ್ಯಾಟ್ 3 ಡ್ಯುಯಲ್’ ಎಂದು ಬರುತ್ತದೆ. 400 ಅಡಿಯಲ್ಲಿ ‘ಲ್ಯಾಂಡ್’ ಎಂಬ ಪದ ಹಸಿರಾಗಬೇಕು. 350ರ ಹೊತ್ತಿಗೂ ಆಗಲಿಲ್ಲವೇ, ಮತ್ತೆ ಮೇಲೇರಿ.

ರೇಡಿಯೊ ಆಲ್ಟಿಮೀಟರ್ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಫೆಬ್ರವರಿ 25ರ ಆಮ್‌ಸ್ಟರ್‌ಡ್ಯಾಮ್ ಸಾಕ್ಷಿ. ಸ್ಕಿಪೊಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಟರ್ಕಿಶ್ ಏರ್‌ಲೈನ್ಸ್‌ನ 737-800 ಇನ್ನೂ ಸುಮಾರು 1950 ಅಡಿ ಎತ್ತರದಲ್ಲಿದ್ದಾಗ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಮೈನಸ್ 8 ಅಡಿ ತೋರಿಸಿತು. ವಿಮಾನ ನೆಲ ಮುಟ್ಟಿದೆ ಎಂದುಕೊಂಡ ಆಟೊಥ್ರಾಟಲ್ ಎಂಜಿನ್ ಇಳಿಸಿಬಿಟ್ಟಿತು. ಎಫ್‌ಎಂಎಯಲ್ಲಿ ರಿಟಾರ್ಡ್ ಎಂಬ ಪದ ಬಂದು ಕೂತಿತ್ತು. ವಿಮಾನ ಆಗ ಗ್ಲೈಡ್‌ಸ್ಲೋಪ್‌ನ ಮೇಲಿನಿಂದ ಇಳಿದು ಬಂದು ಕಿರಣ ಹಿಡಿಯುತ್ತಿತ್ತು. ಎತ್ತರ ಕಳೆದುಕೊಳ್ಳಲು ಎಂಜಿನ್ ತಗ್ಗುವುದು ಸಹಜವೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. ವೇಗ ಕರಗುತ್ತಾ ಹೋಗಿ, ರೆಕ್ಕೆ ಹಿಡಿತ ತಪ್ಪಿ, ವಿಮಾನ ರನ್‌ವೇಗೆ ಮುಂಚಿನ ಹೊಲದಲ್ಲಿ ಬಿತ್ತು. 135 ಜನರಲ್ಲಿ ಒಂಬತ್ತು ಮಂದಿ ಸತ್ತರು. 2022ರ ಜನವರಿಯಲ್ಲಿ ಅಮೆರಿಕದ 5ಜಿ ಗಲಾಟೆಯೂ ಇದೇ ಉಪಕರಣದ್ದು. ಹೊಸ ಮೊಬೈಲ್ ತರಂಗಗಳು ರೇಡಿಯೊ ಆಲ್ಟಿಮೀಟರಿನ 4.2ರಿಂದ 4.4 ಗಿಗಾಹರ್ಟ್ಸ್‌ನ ಪಟ್ಟಿಗೆ ಹತ್ತಿರವಿವೆ ಎಂಬ ಆತಂಕದಲ್ಲಿ ಏರ್ ಇಂಡಿಯಾ ತನ್ನ ಕೆಲವು ಅಮೆರಿಕ ಹಾರಾಟಗಳನ್ನೇ ರದ್ದುಗೊಳಿಸಿತ್ತು.

ಮನೆಯ ಕಂಪ್ಯೂಟರಿನಲ್ಲಿ ಈ ಉಪಕರಣ ಕೆಡುವುದಿಲ್ಲ, ಕೆಡುವುದು ಅದು ಅಳೆಯುವ ನೆಲ. ರನ್‌ವೇ ಚೆಂದ ಕಾಣಲೆಂದು ಯಾರೋ ಮಾಡಿದ ಹೊಸ ಸೀನರಿ ಹಾಕಿರುತ್ತೀರಿ. ಅದರ ನೆಲದ ಎತ್ತರಕ್ಕೂ ಸಿಮ್ಯುಲೇಟರಿನ ಮೂಲ ಭೂಪಟದ ಎತ್ತರಕ್ಕೂ ಹೊಂದಿಕೆಯಿಲ್ಲದೆ ರನ್‌ವೇಯ ಅಂಚಿನಲ್ಲೊಂದು ಮೆಟ್ಟಿಲು ಎದ್ದಿರುತ್ತದೆ. ಆಲ್ಟಿಮೀಟರ್ ಅದನ್ನೂ ನಂಬಿ ಎಣಿಸುತ್ತದೆ. ಮಂಗಳೂರಿನಲ್ಲಿ ಇದು ಸೀನರಿಯ ತಪ್ಪಿಲ್ಲದೆಯೇ ಆಗುತ್ತದೆ. ಅಲ್ಲಿನ ಬಜ್ಪೆ ನಿಲ್ದಾಣದ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ಅದರ ತುದಿಗಳಾಚೆ ನೆಲ ಕಣಿವೆಗೆ ಇಳಿಯುತ್ತದೆ. ವಿಮಾನ ಬರುವಾಗ ರೇಡಿಯೊ ಎತ್ತರ ಮುನ್ನೂರು ಎನ್ನುತ್ತಿದ್ದದ್ದು ಗುಡ್ಡದಂಚು ಬಂದ ಕೂಡಲೇ ದಬಕ್ಕನೆ ಕುಸಿಯುತ್ತದೆ. ಆಟೊಲ್ಯಾಂಡಿನ ಲೆಕ್ಕ ನಿಂತಿರುವುದು ರನ್‌ವೇಗೆ ಮುಂಚಿನ ನೆಲ ಒಂದು ಅಂದಾಜಿನ ಮಟ್ಟದಲ್ಲಿರುತ್ತದೆ ಎಂಬ ನಂಬಿಕೆಯ ಮೇಲೆ. ಆದ್ದರಿಂದ ಪರೀಕ್ಷೆಗೆ ದೆಹಲಿಯೋ ಬೆಂಗಳೂರೋ ಇರಲಿ. ಮಂಗಳೂರಿನಲ್ಲಿ ಕೈಯಿಂದಲೇ ಇಳಿಸಿ, ಅದರ ಖುಷಿಯೇ ಬೇರೆ.

ಹಳೆಯ ದತ್ತಾಂಶವೂ ಕಾಡುತ್ತದೆ. ಜಗತ್ತಿನ ವಿಮಾನಯಾನ ಮಾಹಿತಿ 28 ದಿನಗಳಿಗೊಮ್ಮೆ ಹೊಸದಾಗುತ್ತದೆ. ನಿಮ್ಮ ಸಿಮ್ಯುಲೇಟರಿನ ಒಂದು ಮೂಲೆಯಲ್ಲಿ ಹಳೆಯ ಫ್ರೀಕ್ವೆನ್ಸಿ, ಇನ್ನೊಂದು ಮೂಲೆಯಲ್ಲಿ ಹೊಸ ಕೋರ್ಸ್ ಇದ್ದರೆ ವಿಮಾನ ನಡುಗೆರೆಯ ಪಕ್ಕಪಕ್ಕದಲ್ಲೇ ಇಳಿಯುತ್ತದೆ.

ಕಂಪ್ಯೂಟರಿನ ಶಕ್ತಿ ಸಾಲದೆ ಆಗುವ ಎಡವಟ್ಟು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಆಟೊಪೈಲಟ್ ಅಂದರೆ ತಪ್ಪು ಅಳೆಯುವುದು, ಅದಕ್ಕೆ ತಕ್ಕಷ್ಟು ತಿದ್ದುವುದು, ಮತ್ತೆ ಅಳೆಯುವುದು, ಅಷ್ಟೇ. ಅಳತೆಗೂ ತಿದ್ದುಪಡಿಗೂ ನಡುವೆ ಸಮಯ ಹೆಚ್ಚಿದರೆ ಗೀಸರಿನ ನಲ್ಲಿ ತಿರುಗಿಸುವವನ ಪಾಡಾಗುತ್ತದೆ. ನೀರು ತಣ್ಣಗಿದೆಯೆಂದು ಬಿಸಿ ಹೆಚ್ಚಿಸಿ, ಬರುವಷ್ಟರಲ್ಲಿ ಸಾಲದೆಂದು ಇನ್ನಷ್ಟು ಹೆಚ್ಚಿಸಿ, ಕೊನೆಗೆ ಮೈ ಸುಟ್ಟುಕೊಳ್ಳುವುದು. ದೊಡ್ಡ ನಿಲ್ದಾಣ, ದಟ್ಟ ಮೋಡ, ಸುತ್ತಮುತ್ತ ಇನ್ನಷ್ಟು ವಿಮಾನಗಳು, ಇವೆಲ್ಲ ಸೇರಿ ಕಂಪ್ಯೂಟರ್ ಏದುಸಿರು ಬಿಡುವುದು ಸರಿಯಾಗಿ ಇಳಿಯುವ ಹೊತ್ತಿಗೇ. ಚಿತ್ರ ತಡೆತಡೆದು ಬರುತ್ತದೆ, ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹರಿಯುತ್ತದೆ, ಫ್ಲೇರ್ ತಡವಾಗುತ್ತದೆ. ಎಕ್ಸ್-ಪ್ಲೇನ್ ಸೆಕೆಂಡಿಗೆ ಸುಮಾರು 20 ಚಿತ್ರಕ್ಕಿಂತ ಕಡಿಮೆಯಾದರೆ ಸಮಯವನ್ನೇ ನಿಧಾನ ಮಾಡಿಕೊಂಡು ಲೆಕ್ಕ ಉಳಿಸಿಕೊಳ್ಳಲು ನೋಡುತ್ತದೆ. ಪರಿಹಾರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಿಲ್ಲ. ಮೋಡ, ನೆರಳು, ಕಟ್ಟಡಗಳ ಸಾಂದ್ರತೆ ಇಳಿಸಿ ಅದೇ ರನ್‌ವೇಗೆ ಮತ್ತೊಮ್ಮೆ ಇಳಿಸಿ ನೋಡಿ. ಸರಿಹೋದರೆ ಕಾರಣ ಸಿಕ್ಕಂತೆ. ದೂರದ ಹಾರಾಟದಲ್ಲಿ ಬೇಜಾರಾಗಿ ಸಮಯವನ್ನು ನಾಲ್ಕು ಪಟ್ಟು ಓಡಿಸಿ, ಇಳಿಯುವಾಗ ಒಂದಕ್ಕೆ ತರಲು ಮರೆಯುವವರೂ ಇದ್ದಾರೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಹೊಸಬರಿಗೆಂದು ಇಟ್ಟಿರುವ ನೆರವಿನ ಸೌಲಭ್ಯಗಳನ್ನೂ ಆಫ್ ಮಾಡಿ. ಅವು ಆಟೊಪೈಲಟ್ಟಿನ ಜೊತೆ ಜಗ್ಗಾಡುತ್ತವೆ.

ಗಾಳಿಯ ವಿಷಯದಲ್ಲಿ ಜನ ಆಟೊಲ್ಯಾಂಡ್‌ನಿಂದ ತೀರಾ ಹೆಚ್ಚು ನಿರೀಕ್ಷಿಸುತ್ತಾರೆ. ಬಿರುಗಾಳಿ ಹಾಕಿ, ಅಡ್ಡಗಾಳಿ ಮೂವತ್ತೈದು ನಾಟ್‌ಗೆ ಏರಿಸಿ, ಯಂತ್ರ ಏನು ಮಾಡುತ್ತದೆ ನೋಡೋಣ ಎನ್ನುತ್ತಾರೆ. 737ರ ಆಟೊಲ್ಯಾಂಡ್‌ಗೆ ಅಡ್ಡಗಾಳಿಯ ಮಿತಿ 20 ನಾಟ್, ಎದುರುಗಾಳಿಯದು 25. ಎ320ಕ್ಕೂ ಅಡ್ಡಗಾಳಿ 20ರವರೆಗೆ ಮಾತ್ರ. ಮಂಜು ಇರುವ ದಿನ ಗಾಳಿ ಸಾಮಾನ್ಯವಾಗಿ ಇರುವುದೇ ಇಲ್ಲ. ಈ ಯಂತ್ರವನ್ನು ಕಟ್ಟಿದ್ದು ಅಂಥ ನಿಶ್ಚಲ, ಕುರುಡು ಬೆಳಗುಗಳಿಗಾಗಿ. ಬಿರುಗಾಳಿಯ ದಿನ ಪೈಲಟ್ಟಿನ ಕೈಯೇ ಮೇಲು.

ಸಿಮ್ಯುಲೇಟರ್ ಒಂದು ವಿಷಯದಲ್ಲಿ ನಿಜಕ್ಕಿಂತ ದಯಾಳು. ಅದರ ಐಎಲ್‌ಎಸ್ ಕಿರಣ ಯಾವಾಗಲೂ ಗೆರೆ ಎಳೆದಂತೆ ಇರುತ್ತದೆ. ನಿಜವಾದ ಲೋಕಲೈಸರಿನ ಮುಂದೆ ಇನ್ನೊಂದು ವಿಮಾನ ಹಾದುಹೋದರೆ ಕಿರಣ ಬಾಗುತ್ತದೆ. 2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಬೋಯಿಂಗ್ 777 ಒಂದು ಆಟೊಲ್ಯಾಂಡ್ ಮಾಡುತ್ತಿದ್ದಾಗ ಅದೇ ರನ್‌ವೇಯಿಂದ ಚಿಕ್ಕ ಜೆಟ್ ಒಂದು ಮೇಲೇರಿತು. ಕಿರಣ ಕದಡಿ 777 ಎಡಕ್ಕೆ ವಾಲಿ, ರನ್‌ವೇ ಬಿಟ್ಟು ಹುಲ್ಲಿಗಿಳಿದು, ಮತ್ತೆ ರನ್‌ವೇ ದಾಟಿ ಬಲಗಡೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಮಂಜಿನ ದಿನ ಲೋಕಲೈಸರಿನ ಮುಂದಿನ ಪ್ರದೇಶವನ್ನು ಖಾಲಿ ಇಡುವ ನಿಯಮ ಇದೆ, ಸ್ವಚ್ಛ ಹವೆಯ ದಿನ ಅದು ಜಾರಿಯಲ್ಲಿರುವುದಿಲ್ಲ.

ಚಕ್ರ ನೆಲ ಮುಟ್ಟಿತು ಎನ್ನುವಲ್ಲಿಗೆ ಎಲ್ಲವೂ ಮುಗಿಯಿತು ಎಂದುಕೊಂಡು ಜನ ಸ್ಕ್ರೀನ್‌ಶಾಟ್ ತೆಗೆಯಲು ಹೋಗುತ್ತಾರೆ. ಬಹುಪಾಲು 737ಗಳಿಗೆ ಇಳಿದ ಮೇಲೆ ನಡುಗೆರೆಯಲ್ಲಿ ಓಡುವುದು ಗೊತ್ತಿಲ್ಲ. ಆಟೊಥ್ರಾಟಲ್ ಎರಡು ಸೆಕೆಂಡಿನಲ್ಲಿ ತಾನೇ ಬಿಟ್ಟುಕೊಳ್ಳುತ್ತದೆ, ಆಟೊಪೈಲಟ್ಟನ್ನು ಮಾತ್ರ ನೀವೇ ಕೀಳಬೇಕು, ರಡ್ಡರ್ ಹಿಡಿದು ನೇರ ಓಡಿಸಬೇಕು. ಹುಲ್ಲಿಗೆ ಇಳಿಯುವ ಆಟೊಲ್ಯಾಂಡುಗಳಲ್ಲಿ ಬಹಳಷ್ಟು ಈ ಜಾತಿಯವು. ಎ320 ಮತ್ತು 777ರಂಥ ವಿಮಾನಗಳು ‘ರೋಲೌಟ್’ ಎಂಬ ಸ್ಥಿತಿಗೆ ಹೋಗಿ ಲೋಕಲೈಸರ್ ಹಿಡಿದು ತಾವೇ ನಡುಗೆರೆಯಲ್ಲಿ ಓಡುತ್ತವೆ. ಅಲ್ಲಿನ ದೂರು ಇನ್ನೊಂದು ತೆರನಾದದ್ದು. ವೇಗ ಇಳಿದು ಟ್ಯಾಕ್ಸಿವೇಗೆ ತಿರುಗಿಸಲು ಹೋದರೆ ವಿಮಾನ ಬರುವುದಿಲ್ಲ, ಮತ್ತೆ ಮತ್ತೆ ನಡುಗೆರೆಗೆ ಎಳೆಯುತ್ತದೆ, ಸ್ಟಿಯರಿಂಗ್ ಕೆಟ್ಟಿದೆ ಎನ್ನುತ್ತಾರೆ. ಆಟೊಪೈಲಟ್ ಇನ್ನೂ ಕೆಲಸದಲ್ಲಿದೆ. ಕೆಂಪು ಗುಂಡಿ ಒತ್ತಿ ಅದನ್ನು ಬಿಡಿಸಿ, ಆಮೇಲೆ ತಿರುಗಿಸಿ.